ಒಳ್ಳೆಯ ಕಾಲಿನ ದಾರ

ಆರ್.ಟಿ. ನಗರ
9 ಅಕ್ಟೋಬರ್ 1983

ಬೈರಾ,

ಶುಕ್ರವಾರ ನಿನ್ನ ಪ್ಲಾಸ್ಟರ್ ಬಿಚ್ಚಿದರೆಂದು ನಮ್ಮ ಆಸ್ಪತ್ರೆಯಲ್ಲಿ ಹೇಳಿದರು. ಆ ದಿನ ನಾನು ಕೇಳಿಕೊಂಡು ಬೇರೆ ಕಟ್ಟಡಕ್ಕೆ ಡ್ಯೂಟಿ ಹಾಕಿಸಿಕೊಂಡಿದ್ದೆ. ಇಪ್ಪತ್ತು ವರ್ಷದಿಂದ ಬೇರೆಯವರ ಕಾಲುಗಳನ್ನು ಎತ್ತಿ ಇಳಿಸಿ ಸಂಬಳ ತೆಗೆದುಕೊಳ್ಳುವ ಫಿಸಿಯೋಥೆರಪಿಸ್ಟ್ ನಾನು. ಒಡಹುಟ್ಟಿದವನ ಕಾಲು ನೋಡಲು ಧೈರ್ಯವಾಗಲಿಲ್ಲ.

ಕಾಲು ನೋಡಿ ನೀನು ಹೆದರಿರಬೇಕು. ಕಬಡ್ಡಿ ಆಡುವವನ ತೊಡೆ ಆರು ವಾರದಲ್ಲಿ ಮುದುಕನದಾಗುತ್ತದೆ. ಡಾಕ್ಟರು ಹರಿದ ಲಿಗಮೆಂಟನ್ನು ಹೊಲಿದಿದ್ದಾರೆ, ಅಷ್ಟೇ. ಇನ್ನು ಮಂಡಿಯನ್ನು ಹಿಡಿದು ನಿಲ್ಲಿಸಬೇಕಾದ್ದು ತೊಡೆ. ಅದನ್ನು ನೀನೇ ಬರಿಸಿಕೊಳ್ಳಬೇಕು.

ಚಾಪೆಯ ಮೇಲೆ ಕಾಲು ನೀಡಿ ಕೂತುಕೋ. ಟವೆಲ್ ಸುರುಳಿ ಸುತ್ತಿ ಬಲ ಮಂಡಿಯ ಕೆಳಗಿಡು. ಮಂಡಿಯಿಂದ ಅದನ್ನು ನೆಲಕ್ಕೆ ಒತ್ತು. ತೊಡೆ ಬಿಗಿಯಾಗಿ ಮಂಡಿಚಿಪ್ಪು ಮೇಲಕ್ಕೆ ಸರಿಯಬೇಕು. ಹತ್ತು ಎಣಿಸಿ ಬಿಡು. ಗಂಟೆಗೆ ಇಪ್ಪತ್ತು ಸಲ. ಮೊದಲ ಮೂರು ದಿನ ಏನೂ ಅಲುಗಾಡುವುದಿಲ್ಲ. ತೊಡೆಗೆ ಮರೆತುಹೋಗಿರುತ್ತದೆ, ಅಷ್ಟೇ. ಬಿಡಬೇಡ.

ವಾರಕ್ಕೊಮ್ಮೆ ಅಳೆಯಬೇಕು. ಟೇಪು ಇಲ್ಲದಿದ್ದರೆ ಅತ್ತೆಯ ಹೂ ಕಟ್ಟುವ ದಾರ ಸಾಕು. ಮಂಡಿಚಿಪ್ಪಿನಿಂದ ಒಂದು ಗೇಣು ಮೇಲೆ, ಒಳ್ಳೆಯ ಕಾಲಿಗೆ ಸುತ್ತಿ ಕತ್ತರಿಸು. ಅದೇ ದಾರವನ್ನು ಕೆಟ್ಟ ಕಾಲಿಗೆ ಸುತ್ತಿ, ಎಲ್ಲಿ ಸೇರುತ್ತದೋ ಅಲ್ಲಿ ಗಂಟು ಹಾಕು. ಗಂಟಿನಿಂದ ತುದಿಯವರೆಗಿನದು ನೀನು ಹೋಗಬೇಕಾದ ದೂರ. ಪ್ರತಿ ಸೋಮವಾರ ಹೊಸ ದಾರ. ಮೊದಲನೆಯದನ್ನು ನನಗೆ ಕಳಿಸು.

ಪತ್ರ ಈ ಮನೆಗೆ ಹಾಕಬೇಡ. ಎದುರು ಮನೆಯಲ್ಲಿ ಬಟ್ಟೆ ಹೊಲಿಯುವ ಬದರುನ್ನೀಸಾ ಅವರ ಹೆಸರಿಗೆ ಹಾಕು.

ನಿನ್ನ ಅಕ್ಕ
ಗಂಗರತ್ನ


ರಾಜಾನುಕುಂಟೆ
17 ಅಕ್ಟೋಬರ್ 1983

ಅಕ್ಕಾ,

ದಾರ ಇಟ್ಟಿದ್ದೇನೆ. ಗಂಟಿನಿಂದ ತುದಿಗೆ ನಾಲ್ಕು ಬೆರಳು. ಮುನಿವೆಂಕಟಮ್ಮತ್ತೆ ನನ್ನ ಕಾಲು ನೋಡಿ, "ಇದೇನೋ ಬೈರ, ಕೋಳಿ ಕಾಲು ಇಂಗಿರ್ತದೆ" ಅಂದಳು. ಆಮೇಲೆ ಹಿತ್ತಲಿಗೆ ಹೋಗಿ ಅತ್ತಳು. ನಾಲ್ಕನೇ ದಿನ ಚಿಪ್ಪು ಅಲುಗಾಡಿತು.

ಕಾಲಿನ ವಿಷಯ ಮುಗಿಯಿತು. ಈಗ ನನ್ನ ವಿಷಯ.

ಆಗಸ್ಟ್ ಇಪ್ಪತ್ತೊಂದು, ಭಾನುವಾರ. ನಿನಗೆ ಮುಸುಕಿನ ಜೋಳ ಕೊಟ್ಟು ಹೋಗೋಣ ಅಂತ ಬಂದೆ. ಒಳಗೆ ನಿನ್ನ ತಲೆ ಗೋಡೆಗೆ ಬಡಿಯುತ್ತಿತ್ತು. ಅದು ತಲೆ ಅಂತ ಮೊದಲು ಗೊತ್ತಾಗಲಿಲ್ಲ, ಒರಳಿನಲ್ಲಿ ಏನೋ ಕುಟ್ಟುತ್ತಿದ್ದೀಯ ಅಂದುಕೊಂಡೆ. ಬಾಗಿಲು ತಳ್ಳಿದೆ. ಭಾವ ಒಳಗಿಂದ ಮುಚ್ಚಲು ನೋಡಿದ. ಹೊಸ್ತಿಲೊಳಗೆ ಬಲಗಾಲು ಊರಿ ನಿಂತೆ. ಅವನು ಬಾಗಿಲಿಗೆ ಅಡ್ಡ ಹಾಕುವ ಕಬ್ಬಿಣದ ಪಟ್ಟಿ ತೆಗೆದು ಮಂಡಿಯ ಪಕ್ಕಕ್ಕೆ ಬೀಸಿದ. ಹಸಿ ಕಟ್ಟಿಗೆ ಸೀಳಿದ ಸದ್ದು. ಬಿದ್ದ ಮೇಲೂ ಎರಡು ಸಲ ಹೊಡೆದ. ಇದೆಲ್ಲ ನಿನಗೆ ಗೊತ್ತು, ನೀನು ಅಲ್ಲೇ ನಿಂತಿದ್ದೆ.

ಆಸ್ಪತ್ರೆಯಲ್ಲಿ ಪೇದೆ ಬರೆದುಕೊಂಡ ಕಾಗದದಲ್ಲಿ ನಾನು ಸ್ಕೂಟರಿನಿಂದ ಬಿದ್ದೆ ಅಂತ ಇದೆ. ಕೆಳಗೆ ಇಂಗ್ಲಿಷಿನಲ್ಲಿ ದುಂಡಗೆ ನಿನ್ನ ಸಹಿ. ನನ್ನ ಹತ್ತಿರ ಸ್ಕೂಟರ್ ಇಲ್ಲ ಅಕ್ಕಾ. ಸೈಕಲ್ಲೂ ಇಲ್ಲ.

ಎರಡೂ ತೊಡೆ ಸಮ ಆದ ದಿನ ಅಲ್ಲಿಗೆ ಬರುತ್ತೇನೆ. ಅದಕ್ಕೇ ಎಣಿಸುತ್ತಿದ್ದೇನೆ. ಬೇರೆ ಯಾವುದಕ್ಕೂ ಅಲ್ಲ.

ಚಿಕ್ಕಬೈರಪ್ಪ


ಆರ್.ಟಿ. ನಗರ
6 ನವೆಂಬರ್ 1983

ಬೈರಾ,

ಉತ್ತರಕ್ಕೆ ಇಷ್ಟು ದಿನ ತೆಗೆದುಕೊಂಡೆ. ಮೂರು ಸಲ ಬರೆದು ಹರಿದೆ.

ಯಾಕೆ ಸಹಿ ಹಾಕಿದೆ ಎಂದು ನೀನು ಕೇಳಲಿಲ್ಲ. ಸ್ಕೂಟರ್ ಇಲ್ಲ ಎಂದು ಮಾತ್ರ ಬರೆದೆ. ಕೇಳಿದ್ದರೆ ಕಾರಣ ಹೇಳುತ್ತಿದ್ದೆ. ಮನೆ ಅವರ ಹೆಸರಿನಲ್ಲಿದೆ. ಯಶವಂತಪುರದ ಅವರ ಕಾರ್ಖಾನೆಯಲ್ಲೇ ನೀನು ಫಿಟ್ಟರ್, ಅವರು ಫೋರ್‌ಮನ್. ಎಲ್ಲವೂ ನಿಜ. ಆದರೆ ಪೇದೆ ಪೆನ್ನು ಕೊಟ್ಟಾಗ ನನ್ನ ತಲೆಯಲ್ಲಿ ಇವು ಯಾವುವೂ ಇರಲಿಲ್ಲ. ಎದುರು ಬೆಂಚಿನಲ್ಲಿ ಅವರು ಕೂತಿದ್ದರು. ಶರ್ಟಿನ ಎರಡು ಗುಂಡಿ ಕಿತ್ತುಹೋಗಿದ್ದವು. ಇವತ್ತು ರಾತ್ರಿ ಮನೆಯಲ್ಲಿ ನಾವಿಬ್ಬರೇ ಇರುತ್ತೇವೆ ಎಂದಷ್ಟೇ ಯೋಚಿಸಿದೆ. ಅಪ್ಪ ಜಾಲಹಳ್ಳಿಯ ಆಫೀಸರ್ ಬಂಗಲೆಯಲ್ಲಿ ಹುಲ್ಲು ಕತ್ತರಿಸಿ ನನ್ನನ್ನು ಕಾನ್ವೆಂಟಿನಲ್ಲಿ ಓದಿಸಿದರು. ಅಲ್ಲಿ ನೀಟಾಗಿ ಬರೆಯುವುದನ್ನು ಕಲಿಸಿದ್ದರು. ನೀಟಾಗಿ ಬರೆದೆ.

ಅಮ್ಮ ಸತ್ತಾಗ ನಿನಗೆ ಎರಡು ವರ್ಷ. ಸೊಂಟದ ಮೇಲೆ ಹೊತ್ತು ಬೆಳೆಸಿದ ಹುಡುಗನ ಮಂಡಿಯನ್ನು ಒಂದು ಸಹಿಯಲ್ಲಿ ಬಿಟ್ಟುಕೊಟ್ಟೆ.

ಈಗ ಕಾಲು ನೆಟ್ಟಗಿಟ್ಟು ಒಂದಡಿ ಎತ್ತುವುದನ್ನು ಶುರುಮಾಡು. ಮಂಡಿ ಬಗ್ಗಬಾರದು. ಬೆಳಿಗ್ಗೆ ಮೂವತ್ತು, ಸಂಜೆ ಮೂವತ್ತು. ಖಾಕಿ ಬಟ್ಟೆಯ ಚೀಲ ಹೊಲಿಸಿ ಎರಡು ಕಿಲೋ ಮರಳು ತುಂಬಿ ಕಳಿಸುತ್ತೇನೆ. ಡಿಸೆಂಬರಿನಲ್ಲಿ ಜಗಲಿಯ ಮೇಲೆ ಕೂತು, ಅದನ್ನು ಕಾಲಿಗೆ ಕಟ್ಟಿಕೊಂಡು ಮಂಡಿ ಚಾಚು. ಕೊನೆಯ ನಾಲ್ಕು ಬೆರಳಿನಷ್ಟು ಚಾಚುವುದೇ ಕಷ್ಟ. ತೊಡೆಯ ಒಳಬದಿಯ ಉಬ್ಬು ಹೋಗುವುದು ಮೊದಲು, ಬರುವುದು ಕೊನೆಗೆ.

ಇದನ್ನೆಲ್ಲ ಬರೆಯುವಾಗ ನನ್ನನ್ನೇ ಕೇಳಿಕೊಳ್ಳುತ್ತೇನೆ: ನಾನು ಕಾಲು ವಾಸಿಮಾಡುತ್ತಿದ್ದೇನೋ, ಮಚ್ಚು ಮಸೆಯುತ್ತಿದ್ದೇನೋ. ನೀನು ಬರಬೇಡ ಎಂದು ಬರೆಯಬೇಕು. ಬರೆದು ನೋಡಿದೆ. ಆ ಸಾಲು ಸುಳ್ಳಿನ ಹಾಗೆ ಕಂಡಿತು. ಹೊಡೆದುಹಾಕಿದೆ.

ಗಂಗರತ್ನ


ರಾಜಾನುಕುಂಟೆ
12 ಡಿಸೆಂಬರ್ 1983

ಅಕ್ಕಾ,

ಮರಳು ಚೀಲ ಬಂತು. ಗಂಟಿನಿಂದ ತುದಿಗೆ ಈಗ ಎರಡೇ ಬೆರಳು.

ದಿನವಿಡೀ ಜಗಲಿಯ ಮೇಲೆ. ಎಡಗಾಲಿಗೆ ಕೆಲಸವೇ ಇಲ್ಲ, ಸುಮ್ಮನೆ ತೂಗಾಡಿಕೊಂಡಿರುತ್ತದೆ. ಬಲಗಾಲು ಒಂದೇ ಎತ್ತಿ ಇಳಿಸುವುದು. ಅತ್ತೆ ಕನಕಾಂಬರ ಕಟ್ಟುತ್ತಾ ಎಣಿಸುತ್ತಾಳೆ. ಅವಳ ಎಣಿಕೆ ಹೂವಿನದು, ನಾಲ್ಕು ನಾಲ್ಕು. "ಯಾರನ್ನ ಒದೆಯಾಕೆ ಇಂಗೆ ಸಾಯ್ತೀಯೋ?" ಅಂದಳು. ಭಾವನನ್ನ ಅಂದೆ. "ಅಂಗಾದ್ರೆ ಇನ್ನೊಂದ್ ನಲವತ್ತು ಎತ್ತು" ಅಂದಳು.

ಬಾವಿಯ ಹತ್ತಿರ ಗೊನೆ ಕಡಿದ ಬಾಳೆಗಿಡವಿದೆ. ಸಂಜೆ ಗೋಡೆಗೆ ಒರಗಿ ನಿಂತು ಬಲಗಾಲಿನಿಂದ ಅದನ್ನು ಒದೆಯುತ್ತೇನೆ. ಮೊದಲ ವಾರ ನೋವಿಗೆ ವಾಂತಿಯಾಯಿತು. ಈಗ ಒದ್ದರೆ ಸಿಪ್ಪೆ ಒಡೆದು ನೀರು ಹಾರುತ್ತದೆ. ಅವನು ಕೂತಾಗ, ನನ್ನ ಸೊಂಟದ ಎತ್ತರಕ್ಕೆ ಅವನ ಪಕ್ಕೆಲುಬು. ಕಲ್ಲಿನಿಂದ ಅಲ್ಲಿ ಗುರುತು ಗೀಚಿದ್ದೇನೆ.

ನೀನು ಬರಬೇಡ ಅನ್ನಲಿಲ್ಲ. ಅದನ್ನು ಗಮನಿಸಿದ್ದೇನೆ.

ಬೈರ


ಆರ್.ಟಿ. ನಗರ
8 ಜನವರಿ 1984

ಬೈರಾ,

ಅಕ್ಷರ ಸೊಟ್ಟಗಿದೆ, ಕ್ಷಮಿಸು. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈಗೆ ಸ್ವಲ್ಪ ಪೆಟ್ಟಾಗಿದೆ, ಬೀರುವಿನ ಬಾಗಿಲು. ಕೆಲವು ವಾರ ಬರೆಯಲಾಗುವುದಿಲ್ಲ. ಬಾಳೆಗಿಡ ಒದೆಯುವುದನ್ನು ನಿಲ್ಲಿಸು, ಹೊಲಿಗೆ ಬಿಟ್ಟೀತು. ಮರಳು ಮೂರು ಕಿಲೋ ಮಾಡಿಕೋ.

ಅಕ್ಕ


ಆರ್.ಟಿ. ನಗರ
30 ಜನವರಿ 1984

ಬೈರಪ್ಪನೋರಿಗೆ ಬದರುನ್ನೀಸಾ ಮಾಡೋ ಸಲಾಂ.

ನನ್ ಕನ್ನಡ ಬರವಣಿಗೆ ಅಷ್ಟಕ್ಕಷ್ಟೇ, ಅರ್ಥ ಮಾಡ್ಕೊಳ್ಳಿ. ಮೇಡಂಗೆ ಹೇಳ್ದೆ ಬರೀತಾ ಇದೀನಿ.

ಬೀರುವಿನ ಬಾಗಿಲು ತಾನಾಗೇ ಮುಚ್ಕೊಳ್ಳಲಿಲ್ಲ. ನೀವು ಕಳಿಸಿದ ಮೊದಲ್ನೇ ದಾರಾನ ಮೇಡಂ ಬ್ಯಾಗಲ್ಲಿ ಇಟ್ಕೊಂಡಿದ್ರು. ಆ ಮನುಷ್ಯ ನೋಡ್ದ. ಯಾರ್ ಅಳತೆ ಇದು ಅಂದ. ತಮ್ಮಂದು ಅಂದ್ರು. ಇನ್ನೂ ಅವ್ನ್ ಕಾಲ್ ಹಿಡೀತಾ ಇದೀಯಾ ಅಂತ ಅವರ ಬಲಗೈ ಬೀರುವಿನ ಸಂದೀಲಿ ಇಟ್ಟು ಬಾಗ್ಲಿಗೆ ಬೆನ್ನು ಕೊಟ್ಟು ನಿಂತ. ಪೇಷೆಂಟ್‌ಗಳಿಗೆ ಹೇಳ್ಕೊಡ್ತೀಯಲ್ಲ, ಹತ್ತು ಎಣಿಸು, ಬಿಡ್ತೀನಿ ಅಂದ. ಮೇಡಂ ಎಣಿಸಿದ್ರು. ಬೀದಿ ದಾಟಿ ನನ್ ಮಿಷಿನ್‌ವರೆಗೂ ಕೇಳಿಸ್ತು. ಏಳಕ್ಕೆ ನಿಂತುಬಿಟ್ರೆ ಮತ್ತೆ ಒಂದರಿಂದ.

ಎರಡು ಬೆರಳು ಮುರಿದಿವೆ. ದಾರಾನ ಬೀದಿಗೆ ಬಿಸಾಕ್ದ. ನಾನು ಎತ್ತಿ ಖಾಲಿ ರೀಲಿಗೆ ಸುತ್ತಿಟ್ಟಿದೀನಿ.

ನೀವು ಬರ್ಬೇಕು ಅಂತ ಬರೀತಾ ಇಲ್ಲ, ಬರ್ಬೇಡಿ ಅಂತಾನೂ ಇಲ್ಲ. ತಮ್ಮ ಅಂದ್ಮೇಲೆ ಗೊತ್ತಿರ್ಬೇಕು.

ಬದರುನ್ನೀಸಾ


ರಾಜಾನುಕುಂಟೆ
20 ಫೆಬ್ರವರಿ 1984

ಅಕ್ಕಾ,

ಇವತ್ತು ಗಂಟು ತುದಿಗೆ ಬಂತು. ಒಳ್ಳೆಯ ಕಾಲಿಗೆ ಸುತ್ತಿದ ದಾರ ಕೆಟ್ಟ ಕಾಲಿಗೆ ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಮ್ಮಿಯಿಲ್ಲ. ಅತ್ತೆ ಎರಡು ಸಲ ಸುತ್ತಿ ನೋಡಿದಳು. ದಾರ ಒಳಗಿಟ್ಟಿದ್ದೇನೆ, ನೀನೂ ನೋಡು.

ಬೆರಳಿನ ವಿಷಯ ಗೊತ್ತಾಗಿದೆ. ಯಾರು ಹೇಳಿದರು ಅಂತ ಕೇಳಬೇಡ.

26ನೇ ತಾರೀಖು ಭಾನುವಾರ ಬೆಳಿಗ್ಗೆ ಬರುತ್ತೇನೆ. ಅವನು ಪೇಪರ್ ಹಿಡಿದು ಹೊರಗೆ ಕೂರುವ ಹೊತ್ತಿಗೆ. ನೀನು ಒಳಗಿರು. ಹೊರಗೆ ಬಂದು ಅಡ್ಡ ನಿಲ್ಲಬೇಡ. ಅಡ್ಡ ನಿಂತರೆ ನಿನ್ನನ್ನೂ ಸರಿಸಿ ಹೋಗುತ್ತೇನೆ.

ಚಿಕ್ಕಬೈರಪ್ಪ


ಆರ್.ಟಿ. ನಗರ
23 ಫೆಬ್ರವರಿ 1984

ಬೈರಾ,

ಬಲಗೈ ಬೆರಳು ಈಗ ಆಡುತ್ತಿವೆ, ಬರೆಯಬಲ್ಲೆ. ಗಮನವಿಟ್ಟು ಓದು.

ನಿನ್ನ ದಾರವನ್ನು ಬದರುನ್ನೀಸಾ ಅವರ ಮೇಜಿನ ಮೇಲೆ ಹರಡಿದೆ. ಅವರು ರೀಲಿನಿಂದ ಅಕ್ಟೋಬರಿನ ದಾರ ಬಿಚ್ಚಿ ಪಕ್ಕಕ್ಕೆ ಇಟ್ಟರು. ಟೇಪು ಹಿಡಿದರು. ಅಕ್ಟೋಬರಿನಲ್ಲಿ ನಿನ್ನ ಒಳ್ಳೆಯ ತೊಡೆ ಇಪ್ಪತ್ತೊಂದು ಇಂಚು. ಈಗ ಹತ್ತೊಂಬತ್ತು.

"ಇಬ್ರೂ ಒಬ್ನೇನಾ ಮೇಡಂ?" ಎಂದರು.

"ಒಬ್ಬನೇ."

"ಹಂಗಾದ್ರೆ ಇವ್ನು ಬೆಳೀತಾ ಇಲ್ಲ. ಕರಗ್ತಾ ಇದಾನೆ."

ಕೆಟ್ಟ ಕಾಲು ಅರ್ಧ ದೂರ ಮೇಲಕ್ಕೆ ಬಂದಿದೆ, ಒಳ್ಳೆಯ ಕಾಲು ಅರ್ಧ ದೂರ ಕೆಳಗಿಳಿದಿದೆ. ನಡುವೆ ಎಲ್ಲೋ ಎರಡೂ ಸಮವಾಗಿವೆ. ನಾಲ್ಕು ತಿಂಗಳು ಓಡಾಟವಿಲ್ಲದೆ, ಜಗಲಿಯ ಮೇಲೆ ತೂಗಾಡಿಕೊಂಡು ಅದೂ ಬತ್ತಿದೆ. ತಪ್ಪು ನಿನ್ನದಲ್ಲ. ಪ್ರತಿ ಸೋಮವಾರ ಹೊಸ ದಾರ ಎಂದು ಬರೆದವಳು ನಾನು. ಆಸ್ಪತ್ರೆಯಲ್ಲಿ ಎರಡೂ ಕಾಲಿನ ಇಂಚು ಬರೆದಿಡುತ್ತೇವೆ, ಒಳ್ಳೆಯ ಕಾಲಿಗೂ ಕೆಲಸ ಕೊಡುತ್ತೇವೆ. ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತಿರುವ ವಿಷಯ. ನಿನಗೆ ಹೇಳುವಾಗ ಕೆಟ್ಟ ಕಾಲು ಬಿಟ್ಟು ನನಗೆ ಏನೂ ಕಾಣಲಿಲ್ಲ.

ಈ ಕಾಲುಗಳ ಮೇಲೆ ಜಗಳಕ್ಕೆ ಬಂದರೆ ಬೀಳುತ್ತೀಯ. ಬಿದ್ದರೆ ಅವರು ನಿಲ್ಲಿಸುವುದಿಲ್ಲ. ಆಗಸ್ಟಿನಲ್ಲಿ ಮಂಡಿಗೆ ಹೊಡೆದರು. ಈ ಸಲ ತಲೆಗೆ ಹೊಡೆಯುತ್ತಾರೆ.

ನವೆಂಬರಿನಲ್ಲಿ ಹೊಡೆದುಹಾಕಿದ ಸಾಲನ್ನು ಈಗ ಬರೆಯುತ್ತಿದ್ದೇನೆ. ಬರಬೇಡ. ಅವರಿಗೆ ನೋವಾಗಬಾರದೆಂದಲ್ಲ. ಆಗಲಿ ಎಂದು ದಿನಾ ಅನ್ನ ಬಡಿಸುವಾಗ ಅಂದುಕೊಳ್ಳುತ್ತೇನೆ. ನೀನು ಬದುಕಿರಬೇಕೆಂದು ಬರೆಯುತ್ತಿದ್ದೇನೆ. ಐದು ಕಿಲೋ ಚೀಲ ಹೊಲಿಸಿಟ್ಟಿದ್ದೇನೆ, ಕಳಿಸುತ್ತೇನೆ. ಎರಡೂ ಕಾಲಿಗೆ ಸರದಿಯಂತೆ ಕಟ್ಟು. ಇನ್ನು ಮೂರು ತಿಂಗಳು.

ಗಂಗರತ್ನ


ಬದರುನ್ನೀಸಾ ಅವರ ಮನೆ, ಆರ್.ಟಿ. ನಗರ
11 ಮಾರ್ಚ್ 1984

ಬೈರಾ,

ನನ್ನ ಪತ್ರ ಸೋಮವಾರ ತಲುಪಿತೆಂದು ಅತ್ತೆ ಹೇಳಿ ಕಳಿಸಿದರು. ನೀನು ಬಂದದ್ದು ಭಾನುವಾರ. ನಿನ್ನ ತಲೆಗೆ ಹನ್ನೊಂದು ಹೊಲಿಗೆ ಹಾಕಿದ್ದಾರೆ, ಬಿದ್ದ ಮೇಲಿನದು ಏನೂ ನೆನಪಿಲ್ಲವಂತೆ. ಅದಕ್ಕೇ ಬರೆಯುತ್ತಿದ್ದೇನೆ. ಬೇರೆಯವರು ಬೇರೆ ಥರ ಹೇಳುವ ಮೊದಲು ನನ್ನಿಂದ ತಿಳಿದುಕೋ.

ನೀನು ಗೇಟಿನ ಹತ್ತಿರ ಬಂದಾಗ ಅವರು ಪೇಪರ್ ಮಡಿಸಿ, "ಏನಪ್ಪಾ, ಸ್ಕೂಟರ್ ತರ್ಲಿಲ್ವಾ?" ಎಂದರು.

ನೀನು, "ನಡ್ಕೊಂಡೇ ಬಂದೆ ಭಾವ" ಎಂದೆ. ನಾನು ಕಿಟಕಿಯಲ್ಲಿದ್ದೆ. ನಿಜ ಹೇಳಬೇಕೆಂದರೆ ನನಗೆ ನಗು ಬಂತು.

ಎರಡು ಗುದ್ದಿಗೆ ಅವರ ಮೂಗು ಒಡೆಯಿತು. ಬನಿಯನ್ ಪೂರ್ತಿ ಕೆಂಪಾಯಿತು. ಅವರು ಬಾಗಿಲಿಗೆ ಒರಗಿದರು. ನೀನು ಮೂರನೇ ಮೆಟ್ಟಿಲ ಮೇಲೆ ನಿಂತು ಬಲಗಾಲು ಎತ್ತಿದೆ, ಪಕ್ಕೆಲುಬಿಗೆ. ಆಗ ಬಿದ್ದೆ. ಆಪರೇಷನ್ ಆದ ಕಾಲು ಕೈಕೊಡಲಿಲ್ಲ ಬೈರಾ. ನಿನ್ನ ಇಡೀ ಭಾರ ಹೊತ್ತಿದ್ದ ಎಡಗಾಲು, ಒಳ್ಳೆಯದು, ಒಂದು ಸಲ ನಡುಗಿ ಮಡಚಿಕೊಂಡಿತು. ಮೆಟ್ಟಿಲಿನ ಅಂಚಿಗೆ ತಲೆ ಬಡಿಯಿತು.

ಅವರು ಒಳಗೆ ಕೈಹಾಕಿ ಕಬ್ಬಿಣದ ಪಟ್ಟಿ ತೆಗೆದರು. ನೀನು ಮುಖ ಕೆಳಗಾಗಿ ಬಿದ್ದಿದ್ದೆ. ಬೆನ್ನಿಗೆ ಒಂದು ಬಿತ್ತು. ಆಮೇಲೆ ಎರಡು ಮೆಟ್ಟಿಲು ಇಳಿದು, ನಿನ್ನ ತಲೆಯನ್ನು ನೋಡಿಕೊಂಡು, ಎರಡೂ ಕೈಯಿಂದ ಪಟ್ಟಿ ಮೇಲೆತ್ತಿದರು.

ಐದು ಕಿಲೋ ಚೀಲ ಬಾಗಿಲ ಹಿಂದೆ ಇತ್ತು. ಅದರ ಕಟ್ಟುವ ಲಾಡಿಯನ್ನು ಎಡಗೈಗೆ ಸುತ್ತಿಕೊಂಡು ಹೊರಗೆ ಬಂದೆ. ಯಾರ ಭಾರ ಯಾವ ಕಾಲಿನ ಮೇಲಿದೆ ಎಂದು ನೋಡುವುದು ನನ್ನ ಕಸುಬು. ಅವರ ಭಾರವೆಲ್ಲ ಎಡಗಾಲಿನ ಮೇಲಿತ್ತು. ಪಾದ ಊರಿತ್ತು, ಮಂಡಿ ನೆಟ್ಟಗಿತ್ತು. ಹೊರಬದಿಯಿಂದ ಬೀಸಿದೆ. ನೀನು ಬರೆದಿದ್ದೆಯಲ್ಲ, ಅದೇ ಸದ್ದು. ಯಾವುದು ಹರಿಯಿತು ಎಂದು ಕೈಗೇ ತಿಳಿಯಿತು.

ಇಷ್ಟಕ್ಕೆ ನಿಲ್ಲಿಸಿದೆ ಎಂದು ಬರೆಯಬಹುದು. ನಿಲ್ಲಿಸಲಿಲ್ಲ. ಅವರು ನೆಲದ ಮೇಲೆ ಕೂಗುತ್ತಿದ್ದರು. ನಾನು ಚೀಲವನ್ನು ಮತ್ತೆ ಎತ್ತಿದೆ, ಈ ಸಲ ಮುಖಕ್ಕೆ. ಮನಸ್ಸಿನಲ್ಲಿ ಎಣಿಸುತ್ತಿದ್ದೆ. ಒಂದು, ಎರಡು. ಹಿಂದಿನಿಂದ ಯಾರೋ ಚೀಲ ಹಿಡಿದರು. "ಸಾಕು ಮೇಡಂ. ಬಿಡಿ. ನಾನು ಹಿಡ್ಕೊಂಡಿದೀನಿ" ಎಂದರು ಬದರುನ್ನೀಸಾ. ಅವರ ಕುತ್ತಿಗೆಯಲ್ಲಿ ಟೇಪು ಹಾಗೇ ತೂಗುತ್ತಿತ್ತು. ಅವರು ಹಿಡಿಯದಿದ್ದರೆ ಏನಾಗುತ್ತಿತ್ತು ಎಂದು ಪ್ರತಿದಿನ ಕೇಳಿಕೊಳ್ಳುತ್ತೇನೆ. ಉತ್ತರ ಗೊತ್ತಿದೆ.

ಆಸ್ಪತ್ರೆ ಅದೇ, ಬೆಂಚು ಅದೇ. ಪೇದೆಯೂ ಅದೇ ಮನುಷ್ಯ. ನಿನ್ನ ಭಾವನನ್ನು ಕೇಳಿದಾಗ, ಗೋಡೆಯ ಕಡೆ ನೋಡುತ್ತಾ, "ಸ್ಕೂಟರಿಂದ ಬಿದ್ದೆ" ಎಂದರು. ಹೆಂಡತಿ ಹೊಡೆದಳೆಂದು ಕಾರ್ಖಾನೆಯಲ್ಲಿ ತಿಳಿಯುವುದಕ್ಕಿಂತ ಅವರಿಗೆ ಅದೇ ವಾಸಿ.

ಪೇದೆ ಬರೆದುಕೊಂಡು ನನ್ನ ಕಡೆ ಪೆನ್ನು ಚಾಚಿದ. ಸಹಿ ಹಾಕಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ಸಂಜೆ ಮನೆಗೆ ಹೋಗಿ ಇಬ್ಬರಿಗೂ ಅನ್ನಕ್ಕಿಡುತ್ತಿದ್ದೆ.

"ಸ್ಕೂಟರಲ್ಲ. ನಾನು ಹೊಡೆದೆ" ಎಂದೆ.

"ಮೇಡಂ, ಅವ್ರೇ ಬಿದ್ದೆ ಅಂತಿದಾರೆ. ನೀವ್ಯಾಕೆ ತಲೆ ಕೊಡ್ತೀರಿ?"

"ಆಗಸ್ಟಿನಲ್ಲಿ ನನ್ನ ತಮ್ಮನೂ ಬೀಳಲಿಲ್ಲ. ಅದನ್ನೂ ಬರೆದುಕೊಳ್ಳಿ."

"ಯಜಮಾನ್ರ ಹೆಸರು?"

ಮದುವೆಯಾಗಿ ಹತ್ತೊಂಬತ್ತು ವರ್ಷ ನಾನು ಅದನ್ನು ಬಾಯಲ್ಲಿ ಹೇಳಿರಲಿಲ್ಲ. ವೆಂಕಟರಾಮಯ್ಯ ಎಂದೆ.

ಬೆರಳು, ಬೀರು, ಗೋಡೆ, ನಿನ್ನ ಮಂಡಿ, ಅವರ ಮಂಡಿ, ಎರಡನೇ ಸಲ ಎತ್ತಿದ ಚೀಲ, ಎಲ್ಲವನ್ನೂ ಹೇಳಿದೆ. ಪೇದೆ ಅರ್ಧಕ್ಕೆ ಹೊಸ ಹಾಳೆ ಕೇಳಿಕೊಂಡು ಬಂದ. ಸಹಿ ಮಾತ್ರ ಸೊಟ್ಟಗಾಯಿತು. ನನ್ನ ಮೇಲೂ ಕೇಸು ನಡೆಯುತ್ತದೆ. ಆಸ್ಪತ್ರೆಯವರು ಸಸ್ಪೆಂಡ್ ಮಾಡಿದ್ದಾರೆ. ಹೊಲಿಗೆ ಮಿಷಿನ್ ಪಕ್ಕದಲ್ಲಿ ಹಾಸಿಗೆ. ಮುರಿದ ಬೆರಳಿಗೆ ಚೆಂಡು ಅದುಮುವ ವ್ಯಾಯಾಮ ಮಾಡಿಕೊಳ್ಳುತ್ತಿದ್ದೇನೆ, ಎಡಗೈಗೂ ಸೇರಿಸಿ.

ನೀನು ಸಮ ಆಗುವ ದಿನ ಕಾದೆ, ನಾನೂ ಕಾದೆ. ಈಗ ಅವರೂ ನಮಗೆ ಸಮ. ಅದರಿಂದ ನಿನ್ನ ತೊಡೆಗೆ ಅರ್ಧ ಇಂಚೂ ಬರಲಿಲ್ಲ.

ಅವರ ಪ್ಲಾಸ್ಟರ್ ಏಪ್ರಿಲಿನಲ್ಲಿ ಬಿಚ್ಚುತ್ತಾರೆ. ಆ ತೊಡೆಯನ್ನು ಹೇಗೆ ಬರಿಸಿಕೊಳ್ಳಬೇಕೆಂದು ಯಾರಾದರೂ ಹೇಳಿಕೊಡುತ್ತಾರೆ. ನಾನಲ್ಲ.

ಅಕ್ಟೋಬರಿನ ದಾರ ಒಳಗಿದೆ. ಗಂಟು ಬಿಚ್ಚಿದ್ದೇನೆ. ಹೊಲಿಗೆ ಬಿಚ್ಚಿದ ಮೇಲೆ ಜಗಲಿಯ ಮೇಲೆ ಕೂತು ಎರಡೂ ಕಾಲಿಗೆ ಎರಡೆರಡು ಕಿಲೋ ಕಟ್ಟಿ ಮೊದಲಿಂದ ಶುರುಮಾಡು. ಹೊಸ ದಾರ ಕತ್ತರಿಸಬೇಡ. ಇನ್ನು ಮೇಲೆ ಎರಡನ್ನೂ ಇದಕ್ಕೇ ಅಳೆ.

ಮುಂದಿನ ಪತ್ರಕ್ಕೆ ವಿಳಾಸ ಇದೇ. ಹೆಸರು ನನ್ನದೇ ಬರೆ.

ಗಂಗರತ್ನ